ಗ್ಯಾರೇಜ್ ಚನ್ನಯ್ಯನ ಜಪಾನಿ ಅಕ್ಷರಾಭ್ಯಾಸ

ಹೊಸಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದ ಚನ್ನಯ್ಯನಿಗೆ ತನ್ನ ಕೈಗೆ ಬಗ್ಗದ ಯಂತ್ರವಿಲ್ಲ ಎಂಬ ನಂಬಿಕೆಯಿತ್ತು. ಅದು ಸುಳ್ಳೂ ಆಗಿರಲಿಲ್ಲ. ಆದರೆ 2005ರ ಹೊತ್ತಿಗೆ ಸಂಡೂರಿನ ಗಣಿಗಳಿಗೆ ಎಷ್ಟು ಯಂತ್ರ ಬಂದರೂ ಸಾಲದಾಗಿ, ಜಪಾನಿನಲ್ಲಿ ದುಡಿದು ಹಳತಾದ ಎಕ್ಸ್‌ಕವೇಟರುಗಳು ಹಡಗಿನಲ್ಲಿ ಬರತೊಡಗಿದವು. ಗಟ್ಟಿಮುಟ್ಟಾದ ಯಂತ್ರಗಳೇ. ಗುಂಡಿಗಳ ಮೇಲೆ, ಫ್ಯೂಸ್ ಡಬ್ಬಿಯ ಮುಚ್ಚಳದ ಮೇಲೆ, ಪರದೆಯ ಮೇಲೆ ಮಾತ್ರ ಬರೀ ಜಪಾನಿ ಬರಹ. ಉಳಿದ ಮೆಕ್ಯಾನಿಕರು ಅಂದಾಜಿನಲ್ಲಿ ಕೆಲಸ ಸಾಗಿಸಿದರು. ಚನ್ನಯ್ಯನಿಗೆ ಅಂದಾಜು ಅಂದರೆ ಆಗದು.

ಒಂದು ಭಾನುವಾರ ಕೈಗೆ ಹತ್ತಿದ ಗ್ರೀಸನ್ನು ಸೋಪು ಹಚ್ಚಿ ತೊಳೆದುಕೊಂಡು, ಬಸ್ ನಿಲ್ದಾಣದ ಹತ್ತಿರ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ ಮೇಧಾಳ ಮುಂದೆ ನಿಂತ.

“ಮೇಡಂ, ಜಪಾನಿ ಅಕ್ಷರ ಕಲಿಸೋದು ಏನರ ಐತೇನ್ರಿ ಇದ್ರಾಗ?”

ಮೇಧಾ ನಗಲಿಲ್ಲ. “ಹುಡುಕೋಣ, ಕುಂದ್ರಿ,” ಎಂದು ಕುರ್ಚಿ ಎಳೆದುಕೊಟ್ಟಳು.

ಹುಡುಕಿದರೆ ಒಂದು ಗಣಿಯೇ ಸಿಕ್ಕಿತು. ಅಕ್ಷರದ ಮೇಲೆ ಒತ್ತಿದರೆ ಉಚ್ಚಾರಣೆ ಕೇಳಿಸುವ ಪುಟವಿತ್ತು. ಕಲಿತದ್ದನ್ನು ತಿರುಗಿಸಿ ಮುರುಗಿಸಿ ಕೇಳಿ ಪರೀಕ್ಷೆ ಮಾಡುವ ಇನ್ನೊಂದಿತ್ತು. ಚನ್ನಯ್ಯನ ಮನಸ್ಸು ಗೆದ್ದದ್ದು ಒಂದು ನಿಘಂಟು. ಗೊತ್ತಿಲ್ಲದ ಅಕ್ಷರವನ್ನು ಅದರ ತುಂಡುಗಳಿಂದಲೇ ಹುಡುಕಬಹುದಿತ್ತು. ಎಡಕ್ಕೆ ಮೂರು ಹನಿ, ಬಲಕ್ಕೆ ಒಂದು ಚೌಕ ಎಂದು ಆರಿಸುತ್ತ ಹೋದರೆ ‘ಎಣ್ಣೆ’ ಎಂಬ ಅಕ್ಷರ ಎದ್ದು ಬರುತ್ತಿತ್ತು. ಬಿಚ್ಚಿ ಜೋಡಿಸುವುದೇ ಕಸುಬಾದವನಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಯಾರು?

“ಮೇಡಂ, ಇದು ಎಂಜಿನ್ ಇದ್ದಂಗ ಐತ್ರಿ. ಪಾರ್ಟ್ ಗೊತ್ತಾದ್ರ ಸಾಕು.”

ಎರಡು ವರ್ಷ ಒಂದು ಭಾನುವಾರವೂ ತಪ್ಪಲಿಲ್ಲ. ಹೆಂಡತಿ ಸುವರ್ಣಮ್ಮ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಪಾಠ ಒಪ್ಪಿಸುವನು. ಕೊನೆಕೊನೆಗೆ ಅವಳೇ ತಪ್ಪು ಹಿಡಿಯತೊಡಗಿದಳು.

2007ರ ಬೇಸಿಗೆಯಲ್ಲಿ ಸಂಡೂರಿನ ಒಂದು ಗಣಿಯಿಂದ ಕರೆ ಬಂತು. ದೊಡ್ಡ ಎಕ್ಸ್‌ಕವೇಟರಿನ ತೋಳು ಮೇಲೇಳುತ್ತಿಲ್ಲ. ಪರದೆಯ ಮೇಲೆ ಒಂದು ಸಾಲು ಮಿನುಗುತ್ತಿದೆ. ಅಲ್ಲಿನ ಮ್ಯಾನೇಜರ್ ವಿದ್ಯಾಧೀಶ ತೋಳಿಗೆ ಎಣ್ಣೆಯ ಒತ್ತಡ ಕೊಡುವ ಪಂಪು ಬಿಚ್ಚಿಸಲು ತೀರ್ಮಾನಿಸಿಬಿಟ್ಟಿದ್ದರು. ಪಂಪು ಬಿಚ್ಚಿದರೆ ಹದಿನೈದು ದಿನ ಯಂತ್ರ ನಿಂತಂತೆಯೇ.

“ಫಿಲ್ಟರ್ ಹೋದ ವಾರನ ಬದ್ಲಿ ಮಾಡೀವಣ್ಣ,” ಎಂದ, ಚನ್ನಯ್ಯ ಗಣಿ ಮುಟ್ಟಿದೊಡನೆ, ಆಪರೇಟರ್ ಕಾಳಪ್ಪ. “ಪಂಪೇ ಹೋಗೈತಿ.”

ಚನ್ನಯ್ಯ ಪರದೆಗೆ ಬಗ್ಗಿ ಮೆಲ್ಲಗೆ ಓದಿದ. “ಪಾ-ಯಿ-ರೊತ್‌-ತೊ... ಫಿ-ರು-ತಾ...” ಜಪಾನಿಗಳಿಗೆ ‘ಲ’ ಇಲ್ಲ, ಇಂಗ್ಲಿಷ್ ಪದಗಳಿಗೂ ಅವರು ತಮ್ಮ ಅಂಗಿ ತೊಡಿಸುತ್ತಾರೆ ಎಂದು ಕಲಿತಿದ್ದ. ಪೈಲಟ್ ಫಿಲ್ಟರ್! ಮುಂದಿನ ಅಕ್ಷರ ಏಣಿಯಂತಿತ್ತು: ಕಣ್ಣು. ಅದರ ಪಕ್ಕದ್ದು ಗೊತ್ತಾಗಲಿಲ್ಲ. ಚೀಟಿಯಲ್ಲಿ ಬರೆದುಕೊಂಡ.

“ಸರ್, ನಾಳೆ ಮುಂಜಾನಿತನ ಪಂಪ್ ಮುಟ್ಟಬ್ಯಾಡ್ರಿ.”

“ಯಾಕ್ರಿ?” ಎಂದರು ವಿದ್ಯಾಧೀಶ.

“ಏನಾಗೇತಿ ಅಂತ ಅದಾ ಹೇಳಾಕತ್ತೈತಿ ಸರ್. ಪೂರ್ತಿ ಕೇಳೋಣ.”

ಸಂಜೆ ಹೊಸಪೇಟೆಗೆ ಮರಳಿ, ಮೇಧಾಳ ಕಂಪ್ಯೂಟರಿನಲ್ಲಿ ಆ ಅಕ್ಷರವನ್ನು ತುಂಡು ತುಂಡಾಗಿ ಹುಡುಕಿದ. ಫಿಲ್ಟರಿನ ಕಣ್ಣು ಕಟ್ಟಿಕೊಂಡಿದೆ! ಜರಡಿಯ ಕಣ್ಣಿಗೆ ನಾವು ಕಣ್ಣು ಎಂದ ಹಾಗೆಯೇ ಅವರೂ ಅನ್ನುತ್ತಾರೆ. ಅಷ್ಟು ದೂರದ ಜನ ಒಮ್ಮೆಲೇ ಓಣಿಯ ಮಂದಿಯಂತೆ ಕಂಡರು.

ಮರುದಿನ ಗಣಿಗೆ ಹೋಗಿ, ಲಿವರಿನ ಅಪ್ಪಣೆಯನ್ನು ತೋಳಿಗೆ ಮುಟ್ಟಿಸುವ ಸಣ್ಣ ಎಣ್ಣೆ ಕೊಳವೆಯ, ಅಂದರೆ ಪೈಲಟ್ ಲೈನಿನ, ಗುಂಟ ಕೈಯಾಡಿಸುತ್ತ ಹೋದ. ಪಂಪಿನ ಹಿಂದೆ, ಒಂದು ತಗಡಿನ ಮರೆಯಲ್ಲಿ, ಮುಷ್ಟಿಯಷ್ಟು ಚಿಕ್ಕ ಇನ್ನೊಂದು ಫಿಲ್ಟರ್! ಅದು ಇರುವುದೇ ಯಾರಿಗೂ ಗೊತ್ತಿರಲಿಲ್ಲ. ಕೆಂಪು ಕೆಸರು ಮೆತ್ತಿ ಇಟ್ಟಿಗೆಯಂತಾಗಿತ್ತು. ಹೊಸದು ಹಾಕಿದ ಮೇಲೆ ಕಾಳಪ್ಪ ಲಿವರ್ ಎಳೆದ. ತೋಳು ಸರಾಗವಾಗಿ ಮೇಲೆದ್ದಿತು.

“ಮಸ್ತ್ ಓದ್ತೀಯಲ್ಲಣ್ಣ!” ಎಂದು ಕಾಳಪ್ಪ ಮೇಲಿಂದಲೇ ಕೂಗಿದ. ವಿದ್ಯಾಧೀಶರು ಅಂದೇ ಇನ್ನೂ ನಾಲ್ಕು ಯಂತ್ರಗಳ ಬರಹ ಓದಿಕೊಡಲು ಕೇಳಿದರು. ಚನ್ನಯ್ಯ ಓದಿಕೊಟ್ಟದ್ದಷ್ಟೇ ಅಲ್ಲ, ಪ್ರತಿ ಗುಂಡಿಗೂ ಕನ್ನಡದ ಚೀಟಿ ಅಂಟಿಸಿ ಬಂದ.

ಮರುವರ್ಷ ಚೆನ್ನೈಗೆ ಹೋಗಿ, ಕಾಲೇಜು ಹುಡುಗಿಯರ ನಡುವೆ ಕೂತು, ಜಪಾನಿ ಭಾಷೆಯ ಮೊದಲ ಹಂತದ ಪರೀಕ್ಷೆ ಬರೆದ. ಆಗ ಅವನಿಗೆ ನಲವತ್ತಾರು. ಪಾಸಾದ ಪತ್ರ ಅಂಚೆಯಲ್ಲಿ ಬಂದಾಗ ಸುವರ್ಣಮ್ಮ ಅದನ್ನು ಎರಡು ಸಲ ತಿರುವಿ ನೋಡಿ, ಮುಂದಿನ ಹಂತಕ್ಕೆ ಎಷ್ಟು ಅಕ್ಷರ ಕಲಿಯಬೇಕೆಂದು ಕೇಳಿದಳು.