ಆರುತ್ತಿದ್ದ ಕುಲುಮೆ

ನಿಮ್ಮ ಬಿಲ್ಲೆಗಳನ್ನು ಒಡೆದವನು ನಾನು, ಸುಜಾತಾ ಮೇಡಂ. ದೋಷ ನಿಮ್ಮ ಪುಡಿಯಲ್ಲಿರಲಿಲ್ಲ — ನನ್ನ ಕೈಯಲ್ಲಿತ್ತು.

ಮೆಟ್ರಿಕ್ ಓದಿದ ನನಗೆ ಕಲಬುರಗಿಯ ಆ ಕಾಲೇಜಿನಲ್ಲಿ ಪ್ರಯೋಗಾಲಯದ ವಿದ್ಯುತ್ ಕುಲುಮೆ ನೋಡಿಕೊಳ್ಳುವ ಕೆಲಸ. ನೀವು ಆಗಷ್ಟೇ ಸಂಶೋಧನೆಗೆ ಬಂದ ಹುಡುಗಿ. ನಿಮ್ಮ ಕೆಲಸ ಪಿಂಗಾಣಿಯಂಥ ತೆಳು ಬಿಲ್ಲೆ ಮಾಡುವುದು. ಚೆನ್ನಾಗಿ ಕಾಯಿಸಿದರೆ ಗಾಳಿಯೊಳಗಿನ ಆಮ್ಲಜನಕವೊಂದನ್ನೇ ಆಚೆ ಬಿಟ್ಟು ಉಳಿದದ್ದನ್ನು ತಡೆಯುತ್ತದೆ ಎಂದು ನನಗೂ ತಿಳಿಯುವಂತೆ ಹೇಳಿದ್ದಿರಿ. ಹಳೆಯ ಬಿಲ್ಲೆಗಿಂತ ಹೆಚ್ಚು ಆಮ್ಲಜನಕ ದಾಟಲೆಂದು ಹೊಸ ಮಿಶ್ರಣದ ಪುಡಿ ಮಾಡಿದ್ದಿರಿ. ಇದ್ದ ಪುಡಿಯನ್ನೆಲ್ಲ ಒತ್ತಿ, ಬಿಲ್ಲೆ ಮಾಡಿ, ಸುಟ್ಟು, ಕುಲುಮೆಯೇ ಕಾವನ್ನು ನಿಧಾನವಾಗಿ ಇಳಿಸುತ್ತ ಹೋಗುವಂತೆ ಹಚ್ಚಿಟ್ಟು ಹಬ್ಬಕ್ಕೆಂದು ಊರಿಗೆ ಹೊರಟಿರಿ.

"ಕಾಕಾ, ಅದು ತಾನಾಗೇ ಸಾವಕಾಶ ಆರ್ಲಿ. ಬಾಗಲಾ ತಗೀಬ್ಯಾಡ್ರಿ. ರೊಟ್ಟಿ ಬಿಸಿ ಮಾಡ್ಕೊಳ್ಳಾಕಂತೂ ಬ್ಯಾಡೇ ಬ್ಯಾಡ!" ಎಂದು ನಕ್ಕಿರಿ.

ಮರುದಿನ ಆಯುಧಪೂಜೆ, ನಮ್ಮ ಕಡೆಯ ಖಂಡೆ ಪೂಜೆ. ಕಮಲಾಪುರದ ನಮ್ಮ ಮನೆಯಲ್ಲಿ ಆ ದಿನ ಕುಡುಗೋಲನ್ನೂ ದುಡಿಸುವುದಿಲ್ಲ. ತೊಳೆದು, ವಿಭೂತಿ ಹಚ್ಚಿ, ಸುಮ್ಮನೆ ಕೂಡಿಸುತ್ತೇವೆ. ದುಡಿಯುತ್ತಿರುವ ಕುಲುಮೆಗೆ ಹೂವೇರಿಸುವುದು ಹೇಗೆ? ಸ್ವಿಚ್ ಆರಿಸಿದೆ. ಬೇಗ ತಣಿಯಲೆಂದು ಬಾಗಿಲನ್ನೂ ಸರಿಸಿದೆ. ಒಳಗೆ ಟಿಕ್ ಎಂದಿತು — ಮತ್ತೆ ಟಿಕ್. ಕಾಯಿ ಒಡೆಯುವ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನಬಹುದು. ಕೇಳಿಸಿತ್ತು. ಬಾಗಿಲು ಮುಚ್ಚಿ, ಸ್ವಿಚ್ ಹಾಕಿ, ಹೂವು ತೆಗೆದು ವಿಭೂತಿ ಒರೆಸಿದೆ.

ನೀವು ಬಂದು ಪರೀಕ್ಷಿಸಿದಾಗ ಬಿಲ್ಲೆಗಳು ಗಾಳಿಯನ್ನೆಲ್ಲ ಹಾಗೇ ಬಿಟ್ಟವು. ಕೂದಲಿಗಿಂತ ಸಣ್ಣ ಬಿರುಕು, ಎಲ್ಲದರಲ್ಲೂ.

"ಕಾಕಾ, ಕುಲುಮಿ ನಡುವ ಬಂದ್ ಆಗಿತ್ತೇನ್ರಿ?"

"ಇಲ್ರೀ ಮೇಡಂ. ನಾ ಕೈ ಸುದ್ದಾ ಹಚ್ಚಿಲ್ಲ."

ಕೆಲಸ ಹೋದೀತೆಂಬ ಹೆದರಿಕೆ — ಇರಲಿ, ಅದೂ ನೆಪವೇ. ಗೊತ್ತಿಲ್ಲದೆ ಮಾಡಿದ್ದು ಒಂದು, ಗೊತ್ತಿದ್ದೂ ಮುಚ್ಚಿದ್ದು... ಮಿಶ್ರಣವೇ ಬಿರಿಯುವಂಥದು ಎಂದರು ನಿಮ್ಮ ಗುರುಗಳು. ಮತ್ತೆ ಆ ಪುಡಿ ಮಾಡಲು ಒಪ್ಪಲಿಲ್ಲ. ನೀವು ಹಳೆಯದಕ್ಕೇ ಮರಳಿದಿರಿ. ಅಂದು ನಾನು ತಂದ ಚಹಾ ಕುಡಿಯುತ್ತ, ನನ್ನ ಮುಖ ಬಾಡಿದ್ದು ಕಂಡು, ನೀವೇ ನನಗೆ ಸಮಾಧಾನ ಹೇಳಿದಿರಿ.

ಮೊನ್ನೆ ಶರಣಬಸವೇಶ್ವರ ಗುಡಿಯ ಮುಂದೆ ಸಿಕ್ಕಿರಿ. ಕೂದಲು ನರೆತಿದೆ, ನಗು ಅದೇ.

"ಈಗ ನಾನಾ ಹುಡುಗರಿಗೆ ಪಾಠಾ ಕಲಿಸ್ತೀನ್ರಿ ಕಾಕಾ. ನನ್ನ ಕಡೆ ಸಂಶೋಧನಾ ಮಾಡೋ ಹುಡುಗಿ ಒಬ್ಬಾಕಿ ಅದಾ ಪುಡಿ ಮಾಡ್ತೀನಂತ ಹಟಾ ಹಿಡದಾಳ. ಅದು ಒಡೀತದವ್ವಾ, ನಾ ಕಂಡೀನಿ ಅಂದ್ರ ಕೇಳವಲ್ಲಳು. ಬಿಡಿಸಬೇಕು. ಮನೀಗೆ ಬರ್ರಿ ಒಮ್ಮೆ, ಸೇಡಂ ರಸ್ತೆದಾಗ ಇದ್ದೀನಿ."

ಬಾಯಿ ತೆರೆದೆ. ಪ್ರಸಾದ ಚಲೋ ಅದ ಎಂದೆ.

ಕಮಲಾಪುರದ ಬಸ್ ಹತ್ತಿದವನು ಇಳಿದೆ, ಮತ್ತೆ ಹತ್ತಿದೆ. ಅಂದಿನಿಂದ ಕೂತಲ್ಲಿ ಕೂಡಲಾಗುತ್ತಿಲ್ಲ. ಬಾಗಿಲು ಕಿರುಗುಟ್ಟಿದರೂ ಆ ಟಿಕ್ —

ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಬರೆದದ್ದನ್ನು ಕೈಗಿಟ್ಟು ಓಡುವುದಿಲ್ಲ. ಆ ಹುಡುಗಿಯನ್ನೂ ಕರೆಸಿ, ಇಬ್ಬರೆದುರು ಬಾಯಿಬಿಟ್ಟು ಹೇಳುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿರಿ, ಮೇಡಂ — ಆಕೆಯನ್ನು ಮಾತ್ರ ತಡೆಯಬೇಡಿ.