ಮಾವನ ಕಾಲಿಗೆ ಹಚ್ಚಿದ ಚಿನ್ನ

ನಮ್ಮ ಮಾವ ಮನೆಯೊಳಗೆ ಬರುವ ಮುಂಚೆ ಚಪ್ಪಲಿ ಕಳಚಿ, ಒಂದೊಂದನ್ನೇ ಬಾಗಿಲ ಪಕ್ಕದ ಕಲ್ಲಿಗೆ ಪಟ್ಟೆಂದು ಬಡಿದು ಕೊಡವುತ್ತಾರೆ. ನಾನು ಆಗ ತಾನೇ ಗುಡಿಸಿದ್ದರೂ ಅವರಿಗೆ ಲೆಕ್ಕಕ್ಕಿಲ್ಲ. ನಂದಿದುರ್ಗ ಚಿನ್ನದ ಗಣಿಯಲ್ಲಿ ದುಡಿದವರು. ಪಾಳಿ ಮುಗಿಸಿ ಮೇಲೆ ಬಂದವರನ್ನು ಕಾವಲಿನವರು ತಡವಿ ನೋಡುತ್ತಿದ್ದರಂತೆ: ಕೈ ಎತ್ತಬೇಕು, ಬಾಯಿ ತೆರೆಯಬೇಕು, ಬೂಟು ಕೊಡವಬೇಕು. ಗಣಿ ಮುಚ್ಚಿ ಇಷ್ಟು ಕಾಲವಾದರೂ ಆ ಅಭ್ಯಾಸ ಹೋಗಿಲ್ಲ. ಹೊಸ ಸೊಸೆಯಾಗಿದ್ದಾಗ ಸಹಿಸಿಕೊಂಡೆ, ಆಮೇಲೆ ಬಾಯಿಬಿಟ್ಟೇ ಬೈಯಲು ಶುರುಮಾಡಿದೆ.

ಸಕ್ಕರೆ ಕಾಯಿಲೆ ಇಟ್ಟುಕೊಂಡು ಕ್ಯಾಸಂಬಳ್ಳಿ ಕಡೆಯ ನೆಂಟರ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿ ಮುಳ್ಳು ತುಳಿದು ಬಂದರು. ಬಲಗಾಲು ಕೀವುಗಟ್ಟಿತು. ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಜಗ್ಗಲಿಲ್ಲ. ಕಾಲಿಗೆ ಬಟ್ಟೆ ಸುತ್ತಿಕೊಂಡು ಒಂದೇ ಚಪ್ಪಲಿಯಲ್ಲಿ ಕುಂಟುತ್ತಿದ್ದರು. ಬಾಗಿಲಲ್ಲಿ ಒಂದೇ ಏಟು ಕೇಳಿಸುತ್ತಿತ್ತು. ಪಾದ ತೆಗೆಯಬೇಕಾದೀತು ಎಂದು ಬಂಗಾರಪೇಟೆಯ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅದಕ್ಕೂ ಮೊದಲು ಬೆಂಗಳೂರಿಗೆ ಹೋಗಿ, ಅಲ್ಲೊಂದು ಹೊಸ ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆ ಎಂದರು. ಗಂಡನಿಗೆ ಕಾರ್ಖಾನೆಯ ಪಾಳಿ, ನಾನೇ ಕರೆದುಕೊಂಡು ಹೊರಟೆ.

ಅಲ್ಲಿನ ಡಾಕ್ಟರಮ್ಮ ನಿಧಾನವಾಗಿ ತಿಳಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳಿರುವ ಮುಲಾಮನ್ನು ಗಾಯಕ್ಕೆ ಹಚ್ಚಿ, ಮೇಲಿಂದ ಲೇಸರ್ ಬಿಡುತ್ತಾರೆ. ಕಣ ಕಾಯುತ್ತದೆ, ಪಕ್ಕದ ಕ್ರಿಮಿ ಸಾಯುತ್ತದೆ. ಗೆಡ್ಡೆಗಳ ಮೇಲೂ ಹೀಗೇ ಪ್ರಯತ್ನಿಸುತ್ತಿದ್ದಾರಂತೆ. ಗುಣವಾಗಿಯೇ ಆಗುತ್ತದೆ ಎಂಬ ಮಾತನ್ನು ಅವರು ಕೊಡಲಿಲ್ಲ. ಮಾವ ಎಲ್ಲ ಕೇಳಿ, ಬೇಡ ಎಂದು ಎದ್ದುಬಿಟ್ಟರು.

ವಾಪಸು ಬರುವಾಗ ಬಂಗಾರಪೇಟೆಯಲ್ಲಿ ಊರಿನ ಕಡೆಯ ಮಾರಿಕುಪ್ಪಂ ರೈಲಿಗೆ ಕಾಯುತ್ತಾ ಕೂತಿದ್ದೆವು. ಆಗ ಬಾಯಿಬಿಟ್ಟರು.

"ಸರ್ವಿಸಿನಾಗೆ ಒಂದು ಚೂರು ಮೈಗಂಟಿಸ್ಕೊಂಡು ಈಚೆ ಬಂದವ್ನಲ್ಲ ಕಣಮ್ಮ. ಈಗ ಗಾಯದಾಗೆ ಇಟ್ಕೊಂಡು ಓಗ್ಲಾ?"

"ಕಾಲು ಹೋದ್ರೆ ಬಚ್ಚಲಿಗೂ ನಾನೇ ಹೊತ್ಕೊಂಡು ಹೋಗ್ಬೇಕು ಮಾವ. ಆ ಮರ್ಯಾದೆ ಪರವಾಗಿಲ್ವಾ ನಿಮ್ಗೆ?"

ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ನನಗೆ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು. ಮಾವ ಹಳಿಯ ಕಡೆ ಮುಖ ತಿರುಗಿಸಿ, "ತೊಳ್ದು ಕಳಿಸ್ತಾರಾ, ಕೇಳು" ಎಂದರು.

ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿ, ಮಾವನಿಗೂ ಕೇಳಿಸಲೆಂದು ಸ್ಪೀಕರ್ ಹಾಕಿ, ಅದನ್ನೇ ಕೇಳಿದೆ. ಆಕೆ ನಗಲಿಲ್ಲ.

"ತೊಳೆದೇ ಕಟ್ಟು ಹಾಕೋದು ತಾತ. ಆದ್ರೂ ಒಂಚೂರು ಉಳಿಬಹುದು."

"ಉಳಿದ್ರೆ?"

"ಅದು ನಾವು ಕೊಟ್ಟಿದ್ದು. ನೀವು ತಗೊಂಡಿದ್ದಲ್ಲ."

ಮಾವ ತಲೆಯಾಡಿಸಿದರು. ಆಮೇಲೆ ನನಗೂ ಸೇರಿಸಿ ಟೀ ತಂದರು.

ಮತ್ತೆ ಬೆಂಗಳೂರಿಗೆ ಹೋದಾಗ ನೋಡಿದರೆ, ಮುಲಾಮು ನೇರಳೆ ಹಣ್ಣಿನ ರಸದ ಬಣ್ಣಕ್ಕಿತ್ತು. "ಇದ್ಯಾವ ಸೀಮೆ ಚಿನ್ನ?" ಎಂದು ಮೂಗು ಮುರಿದವರು ತಾವೇ, "ಗಣಿ ಕಲ್ಲಿನಾಗೆ ಇದ್ದಾಗ್ಲೂ ಕಣ್ಣಿಗೆ ಕಾಣ್ತಿರ್ಲಿಲ್ಲ ಬಿಡು" ಎಂದು ಸಮಾಧಾನ ಮಾಡಿಕೊಂಡರು. ಕಪ್ಪು ಕನ್ನಡಕ ಹಾಕಿ ಮಲಗಿಸಿ ಲೇಸರ್ ಬಿಟ್ಟರು. ಸ್ನಾನದ ಬಿಸಿನೀರು ತಾಗಿದಂತಿತ್ತು ಎಂದರು ಮಾವ ಹೊರಗೆ ಬಂದು.

ಆಸ್ಪತ್ರೆಯ ಬಾಗಿಲಲ್ಲಿ ಸೆಕ್ಯುರಿಟಿಯವನ ಮುಂದೆ ನಿಂತವರು ಎರಡೂ ಕೈ ಮೇಲೆತ್ತಿ ಬಾಯಿ ತೆರೆದರು. ಅವನು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ಒಂದ್ಸಲ ತಡವಿಬಿಡಪ್ಪ ಎಂದು ಸನ್ನೆ ಮಾಡಿದೆ. ಜೇಬು ಮುಟ್ಟಿ, "ಆಯ್ತು ತಾತ, ಹೋಗಿ" ಎಂದ. ಮುಂದಿನ ಸಲಗಳಲ್ಲಿ ನಾನು ಹೇಳಬೇಕಾಗಿರಲಿಲ್ಲ, ಮಾವನನ್ನು ಕಂಡರೆ ಅವನೇ ಕುರ್ಚಿಯಿಂದ ಏಳುತ್ತಿದ್ದ.

ಕಿರುಬೆರಳೊಂದು ಉಳಿಯಲಿಲ್ಲ. ಪಾದ ಉಳಿಯಬಹುದು ಎಂದು ಡಾಕ್ಟರಮ್ಮ ಹೇಳಿದರು, ಆದರೂ ನನಗೆ ಧೈರ್ಯ ಬರಲಿಲ್ಲ. ದಿನಾ ಕಟ್ಟು ಬಿಚ್ಚುವಾಗ ಮೊದಲು ವಾಸನೆ ನೋಡುತ್ತಿದ್ದೆ.

ಒಂದು ಸಂಜೆ ಮುದ್ದೆ ತೊಳಸುತ್ತಿದ್ದೆ. ಮಾವ ರೈಲ್ವೆ ಸ್ಟೇಷನ್ ಕಡೆ ಹೋಗಿ ಬಂದಿದ್ದರು. ಬಾಗಿಲಲ್ಲಿ ಪಟ್ಟೆಂದು ಏಟು ಕೇಳಿಸಿತು. ಮುದ್ದೆ ಕೋಲು ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಕಾದೆ. ಎರಡನೆಯ ಚಪ್ಪಲಿಯದೂ ಕೇಳಿಸಿತು.

"ಈಗ ತಾನೇ ಗುಡಿಸಿದ್ದೆ ಮಾವ" ಎಂದು ಒಳಗಿಂದಲೇ ಬೈದೆ.