ಅಜ್ಜಿಗೆ ಹತ್ತದ ಘಾಟು

ಫೆಬ್ರವರಿಯ ಮೊದಲ ಭಾನುವಾರ, ಮಧ್ಯಾಹ್ನ ಮೂರೂವರೆ. ಬ್ಯಾಡಗಿಯ ಅಕ್ಕನ ಮನೆಗೆ ಕಾಲಿಟ್ಟಾಗ ಅವಳ ಐದು ವರ್ಷದ ಮಗಳು ಶ್ರಾವಣಿ ಗೋಡೆಗೊರಗಿ ಕುಳಿತು, ಉಬ್ಬಸದಿಂದ ಹೆಗಲು ಎತ್ತೆತ್ತಿ ಉಸಿರು ಎಳೆಯುತ್ತಿದ್ದಳು. ಪಕ್ಕದಲ್ಲೇ ತೊಟ್ಟು ಬಿಡಿಸಲು ಸುರಿದ ಒಣಮೆಣಸಿನಕಾಯಿ ರಾಶಿ. ಅಕ್ಕನ ಅತ್ತೆ ಅದರಿಂದಲೇ ಒಂದು ಹಿಡಿ ತೆಗೆದು, ಮೊಮ್ಮಗಳಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದು ನಂಬಿಕೆ.

ನನಗೆ ಕೆಮ್ಮು ಒತ್ತರಿಸಿ ಬಂತು. ಅಜ್ಜಿ ಮಾತ್ರ ಕೆಂಡದ ಮೇಲೆ ಬಾಗಿ ಮೂಸಿ ನೋಡಿದರು.

“ಒಂಚೂರೂ ಘಾಟ ಇಲ್ಲ. ಕೂಸಿಗೆ ಭಾಳ ದೃಷ್ಟಿ ಆಗೇತಿ,” ಎನ್ನುತ್ತಾ ಇನ್ನೊಂದು ಹಿಡಿಗೆ ಕೈ ಹಾಕಿದರು.

“ಅತ್ತೀ, ಬಿಡ್ರಿ! ನಮಗೆಲ್ಲಾ ಬಂದೈತಿ, ನಿಮಗಷ್ಟ ಬಂದಿಲ್ಲ!” ಎಂದು ನಾನು ಕೂಗಿ, ಶ್ರಾವಣಿಯನ್ನು ಎತ್ತಿಕೊಂಡು ಬೀದಿಗೆ ಓಡಿದೆ. ಅಕ್ಕ ಉಸಿರಿನ ಪಂಪು ಹಿಡಿದು ಹಿಂದೆಯೇ ಬಂದಳು.

ಮಗುವಿನ ಎದೆಯ ಸದ್ದು ಇಳಿದ ಮೇಲೆ ಅಜ್ಜಿ ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: “ಖರೇನ? ಕೂಸಿಗೂ ಬಂದಿತ್ತೇನು?” ವರ್ಷಗಟ್ಟಲೆ ಮೆಣಸಿನಕಾಯಿ ಧೂಳು ಕುಡಿದು ಘಾಟು ಹತ್ತದಂತಾದ ಮೂಗು ಅದು.

ಈಗ ಅವರು ನಿವಾಳಿಸುವುದು ಬರೀ ಉಪ್ಪಿನಿಂದ. ಹೊಗೆ ನಿಂತಿತು, ಧೂಳು ನಿಂತಿಲ್ಲ. ಮನೆ ನಡೆಯುವುದೇ ತೊಟ್ಟು ಬಿಡಿಸುವ ಕೆಲಸದಿಂದ, ಇರುವುದು ಒಂದೇ ಕೋಣೆ. ನಾನಿರುವ ರಾಣೆಬೆನ್ನೂರಿನಿಂದ ದಿನಾ ಸಂಜೆ ಫೋನು ಮಾಡಿ, ಶ್ರಾವಣಿಯ ಉಸಿರು ಹೇಗಿದೆ ಎಂದು ಕೇಳಿ ತಾರೀಖಿನ ಮುಂದೆ ಬರೆದಿಡುತ್ತೇನೆ. ಮೆಣಸಿನಕಾಯಿ ಚೀಲ ಬಂದ ದಿನ ಅಕ್ಕ, “ಮತ್ತ ಪಂಪು ಹಚ್ಚೀನಿ,” ಅನ್ನುತ್ತಾಳೆ. ಹೀಗೆ ಮನೆಯಲ್ಲೇ ತೊಟ್ಟು ಬಿಡಿಸುವವರು ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ? ದಾರಿ ಕಂಡುಕೊಂಡವರು ದಯವಿಟ್ಟು ಬರೆಯಿರಿ.